ಮಾವನಿಗೆ ಕೇಳಿಸಬಾರದು

ಫೆಬ್ರವರಿ ೩, ಸೋಮವಾರ

ಸಿಟ್ಟನ್ನು ಬಾಯಲ್ಲಿ ಆಡಬೇಡಿ, ಕಾಗದದ ಮೇಲೆ ಆಡಿ, ರಕ್ತದೊತ್ತಡ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಇದು ನನಗಾಗಿ ನಾನೇ ಬರೆದುಕೊಳ್ಳುತ್ತಿರುವುದು. ಬೇರೆ ಯಾರಾದರೂ ಓದುತ್ತಿದ್ದರೆ ಅವರಿಗೆ ನಾಚಿಕೆಯಾಗಬೇಕು.

ಮೊದಲನೇ ಸಿಟ್ಟು ಮಾವನ ಮೇಲೆ. ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬಸ್ಸಿನಿಂದ ಇಳಿದು ಎಷ್ಟೋ ವರ್ಷವಾದರೂ ಗಂಟಲು ಮಾತ್ರ ಇಳಿದಿಲ್ಲ. ನಡುಮನೆಯ ಕಿಟಕಿಯ ಪಕ್ಕ ಒಂದು ಹಳೇ ವೈರ್‌ಲೆಸ್ ಸೆಟ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಊರಿನ ಆಂಬುಲೆನ್ಸುಗಳ ಮಾತು ಕೇಳುತ್ತಾರೆ. ಆ ಮಾತಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಸೆಟ್ ಇದ್ದವರೆಲ್ಲ ಕೇಳಬಹುದು. ಯಾರಿಗೆ ಎದೆನೋವು, ಯಾರು ಮೆಟ್ಟಿಲಿನಿಂದ ಜಾರಿದರು, ಯಾರ ಮನೆಯಲ್ಲಿ ಹೆರಿಗೆ ನೋವು, ಎಲ್ಲವೂ ಆಸ್ಪತ್ರೆಗಿಂತ ಮೊದಲು ನಮ್ಮ ನಡುಮನೆಗೆ ಬರುತ್ತದೆ. ಹೋದ ವಾರ ಎದುರುಮನೆಯ ಟೀಚರಮ್ಮನ ಬಾಗಿಲು ಬಡಿದು, ನಿಮ್ಮ ಯಜಮಾನರು ಮಾರ್ಕೆಟ್ಟಿನಲ್ಲಿ ಬಿದ್ದಿದ್ದಾರೆ, ಗಾಬರಿಯಾಗಬೇಡಿ ಎಂದು ಹೇಳಿಬಂದರು. ಟೀಚರಮ್ಮ ಗಾಬರಿಯಾಗಿ ತಾವೂ ಬಿದ್ದರು. ಒಂದೇ ಮನೆಯವರಿಗಾಗಿ ಆಂಬುಲೆನ್ಸು ಎರಡು ಸಲ ಓಡಾಡಿತು.

ಕಂಟ್ರೋಲ್ ರೂಮಿನಲ್ಲಿ ಕೂತು ಆ ಗಾಡಿಗಳನ್ನು ಅಲ್ಲಿಗೆ ಹೋಗಿ, ಇಲ್ಲಿಗೆ ಬನ್ನಿ ಎಂದು ನಡೆಸುವವಳು ಅವರ ಮಗಳು, ಅಂದರೆ ನನ್ನ ಹೆಂಡತಿ. ಹೀಗಾಗಿ ಅವಳು ಮನೆಯಲ್ಲಿದ್ದರೂ ಅವಳ ದನಿ, ಇಲ್ಲದಿದ್ದರೂ ಅವಳ ದನಿ.

ಇವತ್ತು ವೈರ್‌ಲೆಸ್ ಸಿಸ್ಟಮ್ ಮಾಡಿಕೊಡುವ ನಮ್ಮ ಆಫೀಸಿನಲ್ಲಿ ಯಜಮಾನರು ಹೊಸ ಕೆಲಸ ಬಂದಿದೆ ಎಂದರು. ಆಂಬುಲೆನ್ಸುಗಳ ಮಾತಿಗೆ ಬೀಗ ಹಾಕಬೇಕಂತೆ, ಹೊರಗಿನವರಿಗೆ ಒಂದಕ್ಷರವೂ ತಿಳಿಯಬಾರದಂತೆ. ನಾನು ಅವರ ಮಾತು ಮುಗಿಯುವ ಮೊದಲೇ ಕೈಯೆತ್ತಿದೆ.

ಹೆಂಡತಿಗೆ ಅವಳ ಆಫೀಸಿನಿಂದಲೇ ವಿಷಯ ತಿಳಿದಿತ್ತು. ಅಪ್ಪನಿಗೆ ನಾನು ಹೇಳಲೋ ನೀವು ಹೇಳುತ್ತೀರೋ ಎಂದು ಕೇಳಿದಳು. ನನ್ನ ಕೆಲಸ, ನಾನೇ ಹೇಳುತ್ತೇನೆ, ಸಮಯ ನೋಡಿಕೊಂಡು ಹೇಳುತ್ತೇನೆ ಎಂದೆ. ಬಾಯಿ ನನ್ನದೇ, ಯಾಕೆ ಹಾಗಂದಿತೋ ಗೊತ್ತಿಲ್ಲ.

ಫೆಬ್ರವರಿ ೭, ಶುಕ್ರವಾರ

ಕೆಲಸ ಶುರುವಾಗಿದೆ. ಲೆಕ್ಕವೆಲ್ಲ ನಮ್ಮ ಆಫೀಸಿನ ಗಣಿತದ ಮೇಡಂ ಅವರದು. ನಿವೃತ್ತಿಗೆ ಹತ್ತಿರವಾದವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಇಡೀ ಆಫೀಸಿನಲ್ಲಿ ಹುಡುಕುವವರು. ಆದರೆ ಅವರ ಲೆಕ್ಕದಲ್ಲಿ ತಪ್ಪು ಹುಡುಕಿದವರು ಇನ್ನೂ ಸಿಕ್ಕಿಲ್ಲ.

ವಿಷಯ ಕೇಳಲು ಸುಲಭ. ಗುಂಪಿನ ಎಲ್ಲರ ಸೆಟ್ಟಿನಲ್ಲೂ ಒಂದೇ ಗುಟ್ಟಿನ ಸಂಖ್ಯೆ ಇರುತ್ತದೆ, ಅದೇ ಕೀ. ಕೀ ಇದ್ದವರಿಗೆ ಮಾತು ಕೇಳಿಸುತ್ತದೆ, ಇಲ್ಲದವರಿಗೆ ಗರ್ ಎಂಬ ಸದ್ದು. ಹೊಸಬರು ಸೇರಿದರೆ ಕೀ ಬದಲಿಸಬೇಕು, ಹಿಂದಿನ ಮಾತು ಅವರಿಗೆ ತಿಳಿಯಬಾರದು. ಒಬ್ಬರು ಬಿಟ್ಟುಹೋದರೂ ಬದಲಿಸಬೇಕು, ಮುಂದಿನ ಮಾತು ಅವರಿಗೆ ತಿಳಿಯಬಾರದು. ಬಾಡಿಗೆಯವರು ಮನೆ ಖಾಲಿ ಮಾಡಿದ ಮೇಲೆ ಬೀಗ ಬದಲಿಸುವ ಹಾಗೆ. ಫಜೀತಿ ಏನೆಂದರೆ ಇಲ್ಲಿ ಮನೆಯೇ ಚಕ್ರದ ಮೇಲೆ ಓಡುತ್ತಿರುತ್ತದೆ. ಟವರ್ ಕೈಕೊಟ್ಟರೂ ಮಾತು ನಿಲ್ಲಬಾರದೆಂದು ಒಂದು ಗಾಡಿ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸಬೇಕು. ಹೊಸ ಕೀಯೂ ಹಾಗೆ ಗಾಡಿಯಿಂದ ಗಾಡಿಗೆ ದಾಟಿಕೊಂಡೇ ಹೋಗಬೇಕು.

ಇಂಥ ಲೆಕ್ಕದಲ್ಲಿ ಕದ್ದು ಕೇಳುವವನೊಬ್ಬ ಇದ್ದೇ ಇರುತ್ತಾನೆ. ಮೇಡಂ ಬೋರ್ಡಿನ ಮೇಲೆ ಅವನನ್ನು ‘ಕಳ್ಳ’ ಎಂದು ಬರೆದಿದ್ದರು. ನಾನು ಅಳಿಸಿ ‘ಮಾವ’ ಎಂದು ಬರೆದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸು ಅದನ್ನೇ ಹಿಡಿಯಿತು. ಮಾವ ಹಳೇ ಕೀ ಇಟ್ಟುಕೊಂಡಿದ್ದರೆ ಏನು ಗತಿ, ಇಬ್ಬರು ಮಾವಂದಿರು ಸೇರಿಕೊಂಡರೆ ಕೀ ಮುರಿಯಬಹುದೇ ಎಂದೆಲ್ಲ ಚರ್ಚೆಯಾಯಿತು. ಇಷ್ಟು ನಗು ನಮ್ಮ ಆಫೀಸಿನಲ್ಲಿ ಕೇಳಿ ಬಹಳ ದಿನವಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಮಾವ ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಲು ಬಂದರು. ಬೇಡ ಎಂದೆ.

ಫೆಬ್ರವರಿ ೧೮, ಮಂಗಳವಾರ

ಆಫೀಸಿನ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಪರೀಕ್ಷೆ ನಡೆಸಿದೆವು. ಆಂಬುಲೆನ್ಸುಗಳಿಗೆ ಬದಲು ಚಕ್ರದ ಕುರ್ಚಿಗಳು. ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರನ್ನು ಸೆಟ್ ಕೈಗೆ ಕೊಟ್ಟು ಕೂರಿಸಿ ತಳ್ಳಿದೆವು. ಲೆಕ್ಕಪತ್ರ ವಿಭಾಗದವರು ಸೈರನ್ ಕೂಡ ಬಾಯಲ್ಲೇ ಹಾಕಿದರು. ಕುರ್ಚಿ ಗುಂಪು ಬಿಟ್ಟಿತು, ಕೀ ಬದಲಾಯಿತು. ಕುರ್ಚಿ ಮತ್ತೆ ಸೇರಿತು, ಮತ್ತೆ ಬದಲಾಯಿತು. ಕಂಬದ ಮರೆಯಲ್ಲಿ ಹಳೇ ಸೆಟ್ ಹಿಡಿದು ಮಾವನ ಪಾತ್ರ ವಹಿಸಿದ್ದ ಯಜಮಾನರಿಗೆ ಗರ್ ಎಂಬುದರ ಹೊರತು ಏನೂ ಕೇಳಿಸಲಿಲ್ಲ. ಅವರು ಖುಷಿಯಿಂದ ಕೈ ಕುಲುಕಿದರು.

ಇದು ಕೂಡ ಒಂದು ಕೆಲಸವೇ ಎಂದು ನನಗೆ ಆಗಲೇ ಅನ್ನಿಸಿತ್ತು. ನನ್ನಂಥವನಿಗೆ ನೀರು ಕುಡಿದಷ್ಟು ಸುಲಭ.

ಫೆಬ್ರವರಿ ೧೯, ಬುಧವಾರ

ಮಾವನಿಗೆ ಹೇಳಿಬಿಡೋಣ ಎಂದು ನಡುಮನೆಗೆ ಹೋದೆ. ಶ್ ಎಂದು ಕೈ ತೋರಿಸಿದರು. ಯಾರದೋ ಬೆರಳು ಬಾಗಿಲಿಗೆ ಸಿಕ್ಕಿತ್ತಂತೆ. ಬೆರಳು ಬಿಡಿಸುವವರೆಗೆ ಕಾದೆ. ಆಮೇಲೆ ಹೇಳಬೇಕು ಅನ್ನಿಸಲಿಲ್ಲ.

ಮಾರ್ಚ್ ೩, ಸೋಮವಾರ

ಇವತ್ತಿನದನ್ನು ಬರೆಯುವುದಕ್ಕೂ ಕೈ ಬರುತ್ತಿಲ್ಲ.

ನಿಜವಾದ ಆಂಬುಲೆನ್ಸುಗಳ ಮೇಲೆ ಮೊದಲ ದಿನ. ಕಂಟ್ರೋಲ್ ರೂಮಿನಲ್ಲಿ ಹೆಂಡತಿಯ ಹಿಂದೆ ಎದೆಯುಬ್ಬಿಸಿಕೊಂಡು ನಿಂತಿದ್ದೆ. ಬೆಳಗ್ಗೆ ಮೊದಲ ಗಾಡಿ ರೋಗಿಯನ್ನು ಇಳಿಸಲು ಆಸ್ಪತ್ರೆಯ ನೆಲಮಾಳಿಗೆಗೆ ಹೋಯಿತು. ನೆಲಮಾಳಿಗೆಯಲ್ಲಿ ವೈರ್‌ಲೆಸ್ ಎಟುಕುವುದಿಲ್ಲ. ಸದ್ದಿಲ್ಲದವರನ್ನು ಬಿಟ್ಟುಹೋದವರೆಂದು ತಿಳಿಯಬೇಕು ಎಂಬುದು ನಾನೇ ಬರೆದ ನಿಯಮ. ಸಿಸ್ಟಮ್ ಆ ಗಾಡಿಯನ್ನು ಹೊರಹಾಕಿ ಊರಿನ ಎಲ್ಲ ಗಾಡಿಗಳಿಗೂ ಹೊಸ ಕೀ ಹಂಚಿತು. ಅದು ಹಂಚಿ ಮುಗಿಯುವ ಮೊದಲೇ ಗಾಡಿ ಮೇಲೆ ಬಂತು. ಹೊಸಬರು ಬಂದರೆಂದು ಮತ್ತೆ ಹೊಸ ಕೀ. ಅಷ್ಟರಲ್ಲಿ ಇನ್ನೊಂದು ಗಾಡಿ ನೆಲಮಾಳಿಗೆಗೆ ಇಳಿದಿತ್ತು. ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದೇ ಆಂಬುಲೆನ್ಸಿನ ಕೆಲಸ, ಮುಟ್ಟಿಸಿದ ಪ್ರತಿಯೊಬ್ಬರನ್ನೂ ನನ್ನ ಸಿಸ್ಟಮ್ ಗುಂಪಿನಿಂದ ಆಚೆ ತಳ್ಳಿತು. ಚಕ್ರದ ಕುರ್ಚಿಗಳಿಗೆ ನೆಲಮಾಳಿಗೆ ಇರಲಿಲ್ಲ ನೋಡಿ.

ಮಧ್ಯಾಹ್ನ ಗಾಡಿಗಳ ಶಿಫ್ಟ್ ಬದಲಾಗುವಾಗ ಹಳಬರೆಲ್ಲ ಒಟ್ಟಿಗೆ ಬಿಟ್ಟು ಹೊಸಬರೆಲ್ಲ ಒಟ್ಟಿಗೆ ಸೇರಿದರು. ಅಲ್ಲಿಂದಾಚೆಗೆ ಕೀ ಹಂಚುವುದು ಬಿಟ್ಟು ಬೇರೇನೂ ನಡೆಯಲಿಲ್ಲ. ಒಂದು ಉಳುಕಿದ ಕಾಲಿಗೆ ಮೂರು ಗಾಡಿ ಹೋದವು. ಡ್ರೈವರುಗಳು ಕಿಟಕಿಯಿಂದ ತಲೆ ಹಾಕಿ ಒಬ್ಬರಿಗೊಬ್ಬರು ಕೂಗಿಕೊಂಡರಂತೆ. ಆಂಬುಲೆನ್ಸ್ ಸೇವೆಯ ಮೇಲಧಿಕಾರಿಣಿ ಬಂದು ಸದ್ಯಕ್ಕೆ ಹಳೇ ಪದ್ಧತಿಗೇ ಹೋಗಿ ಎಂದರು. ಸಿಟ್ಟು ಮಾಡಿದ್ದರೂ ಪರವಾಗಿರಲಿಲ್ಲ, ಪಾಪ ಎಂಬಂತೆ ನೋಡಿದರು.

ಮನೆಗೆ ಬಂದರೆ ಮಾವ ಸೆಟ್ಟನ್ನು ಬಿಚ್ಚಿ ಹೊಟ್ಟೆಯೊಳಗಿನದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಬೆಳಗ್ಗಿಂದ ಬರೀ ಗರ್ ಅಂತಿದೆ, ಯಾವುದೋ ತಂತಿ ಬಿಟ್ಟಿರಬೇಕು, ನೀವು ಓದಿದವರು ನೋಡಿ ಅಳಿಯಂದ್ರೇ ಎಂದರು. ನೋಡಿದೆ. ತಂತಿ ಬಿಟ್ಟಿರಬಹುದು ಎಂದೆ.

ಮಾರ್ಚ್ ೪, ಮಂಗಳವಾರ

ಹಳೇ ಪದ್ಧತಿ ಇವತ್ತು ಬೆಳಗ್ಗೆ ಮತ್ತೆ ಶುರುವಾಯಿತು. ಅದೇ ಹೊತ್ತಿಗೆ ಮಾವ ಸೆಟ್ಟನ್ನು ಮತ್ತೆ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ರಿಪೇರಿಯವನ ಬಳಿ ಹೋಗಿದ್ದಾರೆ. ಅವನು ಸ್ವಿಚ್ ಒತ್ತಿದ ಕೂಡಲೇ ಮಗಳ ದನಿ ಬಂದಿದೆ. ಮುಟ್ಟಿದರೆ ಸಾಕು ರಿಪೇರಿಯಾಗುತ್ತದೆ, ಅಂಥ ಕೈಗುಣ ಎಂದು ಬೀದಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದಾರೆ. ಸಂಜೆ ಟೀಚರಮ್ಮ ತಮ್ಮ ಮಿಕ್ಸಿಯನ್ನೂ ಅವನಲ್ಲಿಗೇ ಕಳಿಸಿದರು.

ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಅಷ್ಟು ಖುಷಿಯಾಗಿದ್ದವರಿಗೆ ಹೇಗೆ ಹೇಳುವುದು?

ಮಾರ್ಚ್ ೬, ಗುರುವಾರ

ಒಂದು ವಿಚಿತ್ರ ಗೊತ್ತಾಯಿತು. ಮಾವ ಸಂಜೆ ಚಹಾಕ್ಕೆ ನೀರಿಡುವುದು ತಮ್ಮ ಚಪಲಕ್ಕೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹೆಂಡತಿ ಸೆಟ್ಟಿನಲ್ಲಿ ತನ್ನ ಪಾಳಿ ಮುಗಿಯಿತು, ಮುಂದಿನವರಿಗೆ ಕೊಡುತ್ತಿದ್ದೇನೆ ಎಂದು ಹೇಳುವುದನ್ನು ಕೇಳಿ ಅವರು ಒಲೆ ಹಚ್ಚುತ್ತಾರೆ. ಅವಳು ಚಪ್ಪಲಿ ಬಿಡುವ ಹೊತ್ತಿಗೆ ಲೋಟ ಮೇಜಿನ ಮೇಲಿರುತ್ತದೆ. ಸೋಮವಾರ ಲೋಟ ಇರಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಆವತ್ತು ನನ್ನ ದುಃಖದಲ್ಲಿದ್ದೆ, ಗಮನಿಸಿರಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೋ. ಸಿಟ್ಟಿನ ವಿಷಯವೂ ಅಲ್ಲ.

ಮಾರ್ಚ್ ೧೦, ಸೋಮವಾರ

ಸರಿಪಡಿಸುವುದು ಹೇಗೆಂದು ಮೇಲಧಿಕಾರಿಣಿಗೆ ವಿವರಿಸುವ ಸಭೆ. ಗೋಡೆಯ ಮೇಲೆ ಚಿತ್ರಗಳು ಬರುವಂತೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ಕಂಟ್ರೋಲ್ ರೂಮಿನ ಪರವಾಗಿ ಹೆಂಡತಿ ಬಂದು ಮುಂದಿನ ಸಾಲಿನಲ್ಲೇ ಕೂತಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮೊದಲ ಚಿತ್ರದಲ್ಲೇ ದಪ್ಪಕ್ಷರದಲ್ಲಿ ಬಂತು: ‘ಏನೇ ಆದರೂ ಮಾವನಿಗೆ ಕೇಳಿಸಬಾರದು.’ ಎರಡನೆಯದರಲ್ಲಿ: ‘ಮಾವನನ್ನು ಶಾಶ್ವತವಾಗಿ ಹೊರಗಿಡುವ ಬಗೆ.’ ಆಫೀಸಿನ ಬಾಯಿ ರೂಢಿ ಹಾಗೇ ಉಳಿದುಬಿಟ್ಟಿತ್ತು. ಮೇಲಧಿಕಾರಿಣಿ ಈ ಮಾವ ಎಂದರೆ ಯಾರು ಎಂದು ಕೇಳಿದರು. ನಾನು ತೊದಲಿದೆ. ಅದೊಂದು ತಾಂತ್ರಿಕ ಪದ ಎಂದೆ.

‘ನಮ್ಮಪ್ಪ’ ಎಂದಳು ಹೆಂಡತಿ.

ಉಳಿದ ಚಿತ್ರಗಳನ್ನು ಯಾರು ತೋರಿಸಿದರೋ, ಏನು ಹೇಳಿದರೋ ನನಗೆ ನೆನಪಿಲ್ಲ. ಸರಿಪಡಿಸಿ ಕೊಟ್ಟರೆ ಇದೇ ಇಪ್ಪತ್ತನಾಲ್ಕರಿಂದ ಹಳೇ ಪದ್ಧತಿ ಮುಚ್ಚಿಬಿಡೋಣ ಎಂದು ತೀರ್ಮಾನವಾಯಿತಂತೆ.

ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದಿಷ್ಟು: ‘ಬೀಗ ಬೇಕು ಅಂತ ಮೊದಲು ಕೇಳಿದವಳೇ ನಾನು. ಜನರ ನೋವು ಬೀದಿಗೆ ಬರಬಾರದು. ಅಪ್ಪನಿಗೆ ಕೇಳಿಸದೆ ಹೋದ್ರೆ ನಂಗೆ ಸಂಕಟ ಆಗುತ್ತೆ, ಆದ್ರೆ ಅದು ಸರಿ. ನೀವು ಹೇಳ್ತೀನಿ ಅಂದಿದ್ರಿ. ಹೇಳೋದು ಬಿಟ್ಟು ಆಫೀಸಲ್ಲಿ ಅವರನ್ನ ಇಟ್ಕೊಂಡು ನಗ್ತಾ ಇದ್ರಿ.’

ಮಾರ್ಚ್ ೧೧, ಮಂಗಳವಾರ

ಮಾತಿಲ್ಲ.

ಮಾರ್ಚ್ ೧೨, ಬುಧವಾರ

ಇವತ್ತೂ ಇಲ್ಲ. ಉಪ್ಪು ಬೇಕಾದರೆ ಮಾವನ ಮೂಲಕ ಕೇಳುತ್ತಾಳೆ. ಮಾವ ನನಗೆ ದಾಟಿಸುತ್ತಾರೆ, ನಾನು ಉಪ್ಪನ್ನು ಅವರಿಗೆ ದಾಟಿಸುತ್ತೇನೆ. ನಮ್ಮ ಮನೆಯಲ್ಲಿ ಟವರ್ ಕೈಕೊಟ್ಟಿದೆ.

ಮಾರ್ಚ್ ೧೪, ಶುಕ್ರವಾರ

ನೆಲಮಾಳಿಗೆಯ ಫಜೀತಿಗೆ ಮೇಡಂ ದಾರಿ ಕಂಡುಹಿಡಿದರು. ಸದ್ದು ನಿಂತ ತಕ್ಷಣ ಹೊರಹಾಕುವುದು ಬೇಡ, ಸ್ವಲ್ಪ ಕಾಯೋಣ. ಶಿಫ್ಟ್ ಬದಲಾಗುವಾಗ ಒಬ್ಬೊಬ್ಬರಿಗೊಂದು ಕೀ ಮಾಡುವ ಬದಲು ಹೋಗುವವರು ಹೋಗಿ ಬರುವವರು ಬಂದ ಮೇಲೆ ಒಂದೇ ಸಲ ಬದಲಿಸೋಣ. ಸೆಟ್ ಕಳೆದುಹೋದರೆ, ಕದ್ದುಹೋದರೆ ಮಾತ್ರ ತಡಮಾಡದೆ ಬದಲಿಸುವುದು.

ಕಾದರೆ ಮಾವನಿಗೆ ಅನುಕೂಲವಾಗುವುದಿಲ್ಲವೇ ಎಂದು ವಾದಿಸಿದೆ. ಆ ಹೆಸರು ಬಾಯಿಗೆ ಬಂದಾಗ ನಾಲಿಗೆ ಕಚ್ಚಿಕೊಂಡೆ. ಮೇಡಂ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿ, ‘ಮಾತಾಡಲಿಲ್ಲ ಅಂದ ಮಾತ್ರಕ್ಕೆ ಬಿಟ್ಟೇಹೋದ್ರು ಅಂತ ಯಾಕೆ ಅಂದ್ಕೋತೀರಿ?’ ಎಂದರು.

ಸೋಮವಾರದಿಂದ ಒಂದು ಮಾತೂ ಇಲ್ಲ ಮೇಡಂ ಎಂದುಬಿಟ್ಟೆ. ಯಾವ ಗಾಡಿ ಎಂದು ಕೇಳಿದರು. ಗಾಡಿಯಲ್ಲ ಎಂದೆ. ಅವರು ಮುಂದೆ ಕೇಳಲಿಲ್ಲ, ತಮ್ಮ ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದರು.

ಮಾರ್ಚ್ ೧೬, ಭಾನುವಾರ

ಹೇಳಿದೆ.

ಮಾವ ಸೆಟ್ಟಿನ ಧೂಳು ಒರೆಸುತ್ತಿದ್ದರು. ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಇಷ್ಟು ದಿನ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಗಿ ನೇರವಾಗಿ ಶುರುಮಾಡಿಬಿಟ್ಟೆ. ಇಪ್ಪತ್ತನಾಲ್ಕನೇ ತಾರೀಖಿನಿಂದ ಇದರಲ್ಲಿ ಮಾತು ಬರುವುದಿಲ್ಲ ಮಾವ, ತಂತಿ ಬಿಟ್ಟದ್ದಲ್ಲ, ರಿಪೇರಿಯವನ ಕೈಗುಣವೂ ಅಲ್ಲ, ಬೀಗ ಹಾಕಿದವನು ನಾನೇ ಎಂದೆ. ಕೀ ಎಂದರೇನೆಂದು ಅವರಿಗೆ ತಿಳಿಯುವಂತೆ ಬಸ್ಸಿನ ಪಾಸಿನ ಲೆಕ್ಕದಲ್ಲಿ ಹೇಳಿದೆ. ಪಾಸ್ ಇದ್ದವರು ಒಳಗೆ, ಇಲ್ಲದವರು ಕೆಳಗೆ.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ‘ಪಾಸಿಲ್ಲದವರನ್ನ ಇಳಿಸೋದು ನ್ಯಾಯಾನೇ ಅಳಿಯಂದ್ರೇ. ಸರ್ವಿಸ್ಸಲ್ಲಿ ನಾನೂ ಎಷ್ಟೋ ಜನರನ್ನ ಇಳಿಸಿದೀನಿ. ಆದ್ರೆ ಇಳಿಸೋಕೆ ಮುಂಚೆ ಹೇಳ್ತಿದ್ದೆ.’

ತಪ್ಪಾಯಿತು ಎಂದೆ. ಅದನ್ನು ಹೇಳುವುದು ಎಷ್ಟು ಕಷ್ಟ ಎಂದುಕೊಂಡಿದ್ದೆನೋ, ಅಷ್ಟು ಕಷ್ಟವಿರಲಿಲ್ಲ.

ಅವರು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಊರಿನ ಸುದ್ದಿ ಬೀದಿಯ ಕೊನೆಗೆ ಹೋದರೆ ಬೇಕಾದಷ್ಟು ಸಿಗುತ್ತದೆ, ಅದಕ್ಕಲ್ಲ ಕೇಳುವುದು ಎಂದರು. ‘ಮನೇಲಿ ನನ್ನ ಹತ್ರ ಅವಳು ಮಾತ್ರೆ ತಗೊಂಡ್ರಾ, ಚಾದರ ಬೇಕಾ ಅಂತಾಳೆ, ಅಷ್ಟೇ. ಅವಳನ್ನೇನೂ ಅನ್ನಲ್ಲ, ಸುಸ್ತಾಗಿ ಬಂದಿರ್ತಾಳೆ. ಇದರಲ್ಲಿ ಕೇಳಿ ನೋಡಿ, ಎಷ್ಟು ಚೆನ್ನಾಗಿ ಮಾತಾಡ್ತಾಳೆ. ಡ್ರೈವರುಗಳು ಗಾಬರಿ ಆದ್ರೆ ಧೈರ್ಯ ಹೇಳ್ತಾಳೆ. ಅವರಮ್ಮನ ದನಿ ಹಾಗೇ ಬಂದಿದೆ.’ ಆಮೇಲೆ, ಬೇರೆಯವರ ಮಾತು ಬೇಡ, ಅವಳದೊಂದು ಬರುವ ಹಾಗೆ ಮಾಡಲಾಗುವುದಿಲ್ಲವೇ ಎಂದು ಕೇಳಿದರು.

ಆಗುವುದಿಲ್ಲ ಎಂದೆ. ಇಡೀ ಗುಂಪಿಗೆ ಒಂದೇ ಕೀ.

ಹೆಂಡತಿ ಬಂದು ಮಡಚಿದ ಬಟ್ಟೆಗಳನ್ನು ಇಟ್ಟಳು. ‘ಊಟಕ್ಕೆ ಬನ್ನಿ’ ಎಂದಳು. ನನ್ನ ಮುಖ ನೋಡಿಯೇ ಅಂದಳು.

ಮಾರ್ಚ್ ೧೯, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಂಪ್ಯೂಟರಿನಲ್ಲಿ ಹೊಸ ಸದಸ್ಯರನ್ನು ಸೇರಿಸುವ ಪರದೆ ತೆರೆದೆ. ಯಾರನ್ನು ಬೇಕಾದರೂ ಸೇರಿಸುವ ಅಧಿಕಾರ ನನ್ನ ಕೈಯಲ್ಲೇ ಇದೆ, ಕೇಳುವವರಿಲ್ಲ. ಹೆಸರಿನ ಜಾಗದಲ್ಲಿ ‘ಮಾವ’ ಎಂದು ಒತ್ತಿದೆ. ಗಾಡಿಯ ನಂಬರ್ ಕೊಡಿ ಎಂದಿತು. ಬಸ್ಸಿನ ನಂಬರ್ ಕೊಡಲೇ ಎಂದು ಒಂದು ಕ್ಷಣ ಯೋಚಿಸಿದೆ.

ಟೀಚರಮ್ಮ ನೆನಪಾದರು. ಮಾವ ಈಗ ಎಷ್ಟೇ ಸಾಧುವಾಗಿ ಕೂತಿದ್ದರೂ ನಾಳೆ ಯಾರಾದರೂ ಬಿದ್ದರೆಂದು ಕೇಳಿಸಿದರೆ ಚಪ್ಪಲಿ ಮೆಟ್ಟಿ ಓಡದೆ ಇರುವವರಲ್ಲ. ಅದು ಅವರ ಒಳ್ಳೆಯತನವೇ, ಆದರೆ ಬಿದ್ದವರಿಗೆ ಅದರಿಂದ ಉಪಯೋಗವಿಲ್ಲ. ಅಳಿಸಿದೆ. ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ವಾಪಸು ತಂದೆ.

ಮಾರ್ಚ್ ೨೪, ಸೋಮವಾರ

ಬೀಗ ಬಿತ್ತು. ನೆಲಮಾಳಿಗೆಗೆ ಇಳಿದ ಗಾಡಿಗಳು ತಿರುಗಿ ಬಂದು ಏನೂ ಆಗದವರಂತೆ ಮಾತಾಡಿದವು. ಶಿಫ್ಟ್ ಬದಲಾದಾಗ ಕೀ ಒಂದೇ ಒಂದು ಸಲ ಬದಲಾಯಿತು. ಮೇಲಧಿಕಾರಿಣಿ ಭೇಷ್ ಎಂದರು, ಯಜಮಾನರು ಬೆನ್ನು ತಟ್ಟಿದರು. ಚಹಾ ಕುಡಿಯೋಣ ಎಂದು ಅವರು ಕರೆದರೂ ಯಾಕೋ ನಿಲ್ಲದೆ ಮನೆಗೆ ಬಂದೆ.

ಮಾವ ಸೆಟ್ಟನ್ನು ಮೂಲೆಗೆ ಹಾಕಿರುತ್ತಾರೆ ಎಂದುಕೊಂಡಿದ್ದೆ. ಅದು ಕಿಟಕಿಯ ಪಕ್ಕದಲ್ಲೇ ಇತ್ತು, ಗರ್ ಅನ್ನುತ್ತಿತ್ತು. ಮಾವ ಎಂದಿನಂತೆ ಕಿವಿ ಕೊಟ್ಟು ಕೂತಿದ್ದರು. ತಲೆ ಕೆಟ್ಟಿತೇನೋ ಎಂದು ಹೆದರಿ ಪಕ್ಕದಲ್ಲಿ ಕೂತೆ.

ಸಣ್ಣದೊಂದು ಗರ್ ಬಂತು. ಇದು ಯಾವನೋ ಡ್ರೈವರು ಎಂದರು. ಮತ್ತೊಂದು ಬಂತು, ಇನ್ನೊಬ್ಬ ಎಂದರು. ಮೂರನೆಯದು ಬಂದಾಗ ಬೆರಳೆತ್ತಿದರು. ‘ಇದು ಅವಳು.’

ಎಲ್ಲ ಗರ್ ಒಂದೇ ಅಲ್ಲವೇ ಮಾವ ಎಂದೆ. ‘ಅವಳಿಗೆ ಮಾತು ಮುಗಿದ ಮೇಲೂ ಮಾತಾಡೋಕೆ ಒತ್ತಿದ ಗುಂಡಿ ಬಿಡೋಕೆ ಮನಸ್ಸು ಬರಲ್ಲ. ಮೊದಲೂ ಕೇಳಿಸ್ತಿತ್ತಲ್ಲ, ಮಾತು ನಿಂತ ಮೇಲೂ ಒಂಚೂರು ಉಸಿರು. ಎದುರಿಗಿರೋರು ಇನ್ನೇನಾದ್ರೂ ಹೇಳ್ತಾರೇನೋ ಅಂತ ಹಿಡ್ಕೊಂಡೇ ಇರ್ತಾಳೆ. ಅದಕ್ಕೇ ಅವಳ ಗರ್ ಒಂಚೂರು ಉದ್ದ.’

ನಾವು ಅಷ್ಟು ಬೀಗ ಹಾಕಿ, ಕೀ ಬದಲಿಸಿ, ಕೊನೆಗೂ ಮಾವನನ್ನು ಹೊರಗಿಡಲಾಗಲಿಲ್ಲ. ನನಗೆ ನಗು ಬಂತು. ಅವರೂ ನಕ್ಕರು, ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ಕೂತು ಕೇಳಿದೆವು. ಕೊನೆಕೊನೆಗೆ ನಾನೂ ಎರಡು ಸಲ ಸರಿಯಾಗಿ ಹೇಳಿದೆ.

ಮಾರ್ಚ್ ೨೬, ಬುಧವಾರ

ಕೆಲಸದ ನಿಯತ್ತು ಬಿಡುವುದಿಲ್ಲ. ಮಾವ ಮಗಳ ಗರ್ ಗುರುತಿಸುವುದನ್ನು ಮೇಡಂ ಅವರಿಗೆ ಹೇಳಿದೆ. ಇದು ಸೋರಿಕೆಯೇ, ಎಲ್ಲರ ಗರ್ ಅನ್ನೂ ಒಂದೇ ಉದ್ದ ಮಾಡಿಬಿಟ್ಟರೆ ಮುಚ್ಚಿಹೋಗುತ್ತದೆ, ನಾಳೆಯೇ ಮಾಡಬಹುದು ಎಂದು ಅವರು ಪೆನ್ಸಿಲು ತೆಗೆದರು. ಹೊರಗಿನವರಿಗೆ ಈಗ ಏನು ತಿಳಿಯುತ್ತದೆ, ಎಲ್ಲಿಗೆ ಹೋಗುತ್ತಿದ್ದಾರೆಂದು ತಿಳಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಯಾರಿಗೆ ಏನಾಯಿತೆಂದು? ಇಲ್ಲ. ಮತ್ತೇನು ತಿಳಿಯುತ್ತದೆ?

ಮಾತಾಡಿದ್ದು ಮಗಳು ಅನ್ನುವುದಷ್ಟೇ ಎಂದೆ.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ‘ಎಲ್ಲಾನೂ ಒಂದೇ ಉದ್ದ ಮಾಡಿದ್ರೆ ಬ್ಯಾಟರಿ ಬೇಗ ಖಾಲಿ ಆಗುತ್ತೆ. ನಮಗೆ ಬ್ಯಾಟರಿ ಮುಖ್ಯ’ ಎಂದು ಪೆನ್ಸಿಲು ಕೆಳಗಿಟ್ಟರು. ಮೇಲಧಿಕಾರಿಣಿಗೂ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದರು. ಅವರೂ ಬ್ಯಾಟರಿಯ ಪರವೇ.

ಸಂಜೆ ಹೆಂಡತಿಗೆ ಹೇಳಿದೆ, ನೀನು ಗುಂಡಿ ಬಿಡುವುದಿಲ್ಲವಂತೆ, ಅದರಿಂದ ನಿಮ್ಮಪ್ಪನಿಗೆ ಗೊತ್ತಾಗುತ್ತದಂತೆ ಎಂದು. ನಾನಾ, ಸುಮ್ಮನಿರಿ ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು.

ಮಾರ್ಚ್ ೨೮, ಶುಕ್ರವಾರ

ಅರ್ಧ ದಿನ ರಜ ಹಾಕಿದೆ. ಕಾರಣ ಕೇಳಿದ್ದಕ್ಕೆ ಸೆಟ್ ಪರೀಕ್ಷೆ ಎಂದೆ, ಅದು ಸುಳ್ಳಲ್ಲ. ಮಧ್ಯಾಹ್ನ ನಾನೂ ಮಾವನೂ ಉಂಡು ಕಿಟಕಿಯ ಪಕ್ಕ ಕೂತೆವು.

ಡ್ರೈವರುಗಳ ಗರ್‌ಗಳು ಬಂದು ಹೋದವು. ಆಮೇಲೆ ಅವಳದು ಬಂತು. ಬಂದದ್ದು ನಿಲ್ಲಲಿಲ್ಲ. ಮಾತಿಗಿರುವಷ್ಟು ಹೊತ್ತು ಕಳೆಯಿತು, ಉಸಿರಿಗಿರುವಷ್ಟು ಹೊತ್ತೂ ಕಳೆಯಿತು, ಆದರೂ ಒಂದೇ ಸಮನೆ ಗರ್ ಅನ್ನುತ್ತಲೇ ಇತ್ತು. ಸುಮ್ಮನೆ ಅಷ್ಟು ಹೊತ್ತು ಗುಂಡಿ ಹಿಡಿದುಕೊಳ್ಳುವುದು ನಿಯಮಕ್ಕೆ ವಿರುದ್ಧ. ಆ ನಿಯಮ ಬರೆದವನೂ ನಾನೇ, ಆದರೆ ಬಾಯಿ ಬಿಡಲಿಲ್ಲ.

ಮಾವ ಸೆಟ್ಟಿನ ಕಡೆ ಬಾಗಿದರು.

‘ಹೂಂ ಮಗಳೇ, ಊಟ ಆಯ್ತು. ನೀನೂ ಮಾಡು’ ಎಂದರು.

ಗರ್ ನಿಂತಿತು.